ಬಾಣಂತಿಯ ಹೊಟ್ಟೆಯೂ ನೀರಿನ ಲೆಕ್ಕವೂ

ಕೊಡಗಿನಲ್ಲಿ ಗಂಡುಮಗು ಹುಟ್ಟಿದೊಡನೆ ಹರಳುಗಿಡದ ಕಡ್ಡಿಯಿಂದ ಪುಟ್ಟದೊಂದು ಬಿಲ್ಲನ್ನೂ, ಅದೇ ಗಿಡದ ಎಲೆಯ ತೊಟ್ಟಿನಿಂದ ಬಾಣವನ್ನೂ ಮಾಡಿ ಶಿಶುವಿನ ಕೈಗೆ ಕೊಡುತ್ತಿದ್ದರೆಂದೂ, ಆಗ ಅಂಗಳದಲ್ಲಿ ಕೋವಿ ಹಾರಿಸುತ್ತಿದ್ದರೆಂದೂ ರೆವರೆಂಡ್ ಜಿ. ರಿಕ್ಟರರು 1870ರಲ್ಲಿ ಪ್ರಕಟವಾದ ತಮ್ಮ ಕೊಡಗಿನ ಕೈಪಿಡಿಯಲ್ಲಿ ಬರೆದಿದ್ದಾರೆ. ಕೊಡವ ವೀರನ ಮೊದಲನೆಯ ಆಯುಧ ಹೀಗೆ ಹರಳುಗಿಡದ್ದು. ಅದೇ ಗಿಡದ ಬೀಜದಿಂದ ಬರುವ ಹರಳೆಣ್ಣೆಯಾದರೋ ನಮ್ಮ ನಾಡಿನಲ್ಲೆಲ್ಲ ಮತ್ತೊಂದು ಕಾರ್ಯಕ್ಕೆ ಹೆಸರಾದುದು. ಹೊಟ್ಟೆ ಕಟ್ಟಿದವರಿಗೆ ಅದು ವಿರೇಚನದ ಔಷಧ.

ಮನೆಯವರೆಲ್ಲರ ದೃಷ್ಟಿ ಶಿಶುವಿನ ಮೇಲೆ ನೆಟ್ಟಿರುವ ಆ ದಿನಗಳಲ್ಲಿ ತಾಯಿಯಾದವಳು ಯಾರೊಡನೆಯೂ ಬಾಯಿಬಿಟ್ಟು ಹೇಳಲಾರದ ಒಂದು ಸಂಕಟವನ್ನು ಅನುಭವಿಸುತ್ತಿರುವುದುಂಟು. ಹೊಟ್ಟೆಯುಬ್ಬರ, ವಾಯುವಿನ ನೋವು, ಮಲಬದ್ಧತೆ, ಮೂಲವ್ಯಾಧಿ ಇವುಗಳಲ್ಲಿ ಒಂದಲ್ಲ ಒಂದು ಅನೇಕ ಬಾಣಂತಿಯರನ್ನು ಬಾಧಿಸುತ್ತದೆ. ಇದು ವೈದ್ಯರಿಗೆ ಸೇರಿದ ವಿಷಯ, ಭೌತವಿಜ್ಞಾನವನ್ನು ಬೋಧಿಸುವವರಿಗೆ ಇಲ್ಲೇನು ಕೆಲಸ ಎಂದು ವಾಚಕರು ಕೇಳಬಹುದು. ಚಿಕಿತ್ಸೆ ವೈದ್ಯರದೇ, ಸಂದೇಹವಿಲ್ಲ. ಆದರೆ ಕರುಳು ಒಂದು ಕೊಳವೆ. ಅದರೊಳಗೆ ದ್ರವವೂ ಅನಿಲವೂ ಚಲಿಸುತ್ತವೆ. ಅವುಗಳನ್ನು ಆಳುವ ನಿಯಮಗಳು ತರಗತಿಯ ಪ್ರಯೋಗಶಾಲೆಯಲ್ಲಿ ನಾವು ಕಲಿಯುವ ನಿಯಮಗಳೇ. ಅಲ್ಲದೆ, ಬಾಣಂತಿಗೆ ಹೆಚ್ಚು ನೀರು ಕೊಡಬಾರದೆಂಬ ಕಟ್ಟಳೆಯೊಂದು ಕನ್ನಡ ನಾಡಿನ ಅನೇಕ ಮನೆಗಳಲ್ಲಿ ಇನ್ನೂ ಉಳಿದಿದೆ. ಆ ಕಟ್ಟಳೆಯನ್ನು ಲೆಕ್ಕದ ತಕ್ಕಡಿಯಲ್ಲಿಟ್ಟು ತೂಗಿ ನೋಡುವುದು ವಿಜ್ಞಾನದ ವಿದ್ಯಾರ್ಥಿಗಳ ಕರ್ತವ್ಯವೆಂದೇ ಹೇಳಬೇಕು.

ಒಂದೇ ಮಾತು, ಮೂರು ಅರ್ಥ

ನೀರು ಏಕೆ ಬೇಡವೆಂದು ಹಿರಿಯರನ್ನು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಇದು: ಮಗು ಹೊರಗೆ ಬಂದ ಮೇಲೆ ಹೊಟ್ಟೆ ಬರಿದಾಗಿರುತ್ತದೆ, ಆ ಬರಿದಾದ ಜಾಗದಲ್ಲಿ ನೀರೋ ವಾಯುವೋ ಸೇರಿಕೊಂಡರೆ ಹೊಟ್ಟೆ ದೊಡ್ಡದಾಗಿಯೇ ಉಳಿಯುತ್ತದೆ. ಕೇಳುವುದಕ್ಕೆ ಯುಕ್ತವಾಗಿ ತೋರುವ ಈ ವಾದದ ಬೇರು ನಮ್ಮ ಭಾಷೆಯಲ್ಲಿಯೇ ಇದೆ. ಕನ್ನಡದಲ್ಲಿ ‘ಹೊಟ್ಟೆ’ ಎಂಬ ಒಂದೇ ಮಾತು ಮೂರು ಬೇರೆ ಬೇರೆ ವಸ್ತುಗಳಿಗೆ ಸಲ್ಲುತ್ತದೆ. ಹೊಟ್ಟೆ ಹಸಿಯಿತು ಎಂದಾಗ ಅದು ಜಠರ. ಹೊಟ್ಟೆಯಲ್ಲಿ ಮಗುವಿದೆ ಎಂದಾಗ ಅದು ಗರ್ಭಕೋಶ. ಹೊಟ್ಟೆ ಮುಂದೆ ಬಂದಿದೆ ಎಂದಾಗ ಅದು ಉದರದ ಹೊರಗೋಡೆ. ಕುಡಿದ ನೀರು ಹೋಗುವುದು ಮೊದಲನೆಯದಕ್ಕೆ, ಮಗು ಇದ್ದುದು ಎರಡನೆಯದರಲ್ಲಿ, ಸಡಿಲಗೊಂಡಿರುವುದು ಮೂರನೆಯದು. ಜಠರದಿಂದ ಗರ್ಭಕೋಶಕ್ಕೆ ದಾರಿಯೇ ಇಲ್ಲ.

ಬರಿದಾದ ಜಾಗವೆಂಬುದೂ ಇಲ್ಲ. ಹಿಟ್ಟು ಸುರಿದುಹಾಕಿದ ಬಟ್ಟೆಯ ಚೀಲ ಹೇಗೆ ಕುಸಿದು ತನ್ನ ಮೇಲೆ ತಾನೇ ಮಡಿಸಿಕೊಳ್ಳುವುದೋ ಹಾಗೆ, ಹೆರಿಗೆಯಾದೊಡನೆ ಗರ್ಭಕೋಶವು ಬಲವಾಗಿ ಸಂಕುಚಿತವಾಗುತ್ತದೆ. ಅದುವರೆಗೆ ಒತ್ತರಿಸಲ್ಪಟ್ಟಿದ್ದ ಕರುಳುಗಳು ಕೆಳಗಿಳಿದು ತಮ್ಮ ಸ್ಥಾನಕ್ಕೆ ಮರಳುತ್ತವೆ. ಹೊರಗಿನ ವಾಯುಮಂಡಲದ ಒತ್ತಡವು ಮೆತ್ತನೆಯ ಗೋಡೆಯನ್ನು ಒಳಕ್ಕೆ ತಳ್ಳುತ್ತದೆ. ಹೆರಿಗೆಯ ಹೊತ್ತಿಗೆ ಸುಮಾರು 1 ಕಿಲೋಗ್ರಾಂ ತೂಗುವ ಗರ್ಭಕೋಶ ಒಂದು ವಾರದಲ್ಲಿ ಅದರ ಅರ್ಧದಷ್ಟಾಗಿ, ಆರು ವಾರಗಳಲ್ಲಿ ನೂರು ಗ್ರಾಮಿಗಿಂತ ಕಡಮೆಗೆ ಇಳಿಯುತ್ತದೆ. ಹೊಟ್ಟೆ ಮುಂದೆ ಬಂದಂತೆ ಕಾಣುವುದಕ್ಕೆ ಈ ಗರ್ಭಕೋಶವೂ, ತಿಂಗಳುಗಟ್ಟಲೆ ಹಿಗ್ಗಿ ನಡುವೆ ಬೇರ್ಪಟ್ಟಿರುವ ಉದರದ ಸ್ನಾಯುಗಳೂ ಕಾರಣವೇ ಹೊರತು ಕುಡಿದ ನೀರಲ್ಲ.

ನೀರಿನ ಜಮಾಖರ್ಚು

ಈಗ ಲೆಕ್ಕಕ್ಕೆ ಬರೋಣ. ಪೂರ್ಣವಾಗಿ ಹಾಲೂಡುವ ತಾಯಿಯಿಂದ ದಿನವೊಂದಕ್ಕೆ ಸರಾಸರಿ ಮುಕ್ಕಾಲು ಲೀಟರಿನಷ್ಟು ಹಾಲು ಹೋಗುತ್ತದೆ. ಅದರಲ್ಲಿ ನೂರಕ್ಕೆ 87 ಭಾಗ ನೀರೇ. ಅಂದರೆ ಸುಮಾರು 650 ಮಿಲಿಲೀಟರು. ಉಸಿರಿನಿಂದಲೂ ಚರ್ಮದಿಂದಲೂ ಆರಿಹೋಗುವುದು ಸುಮಾರು 800. ದೇಹದ ಕಲ್ಮಷಗಳನ್ನು ತೊಳೆದು ಹೊರಹಾಕಲು ಮೂತ್ರಪಿಂಡಗಳಿಗೆ ಎಷ್ಟು ಜುಗ್ಗುತನ ಮಾಡಿದರೂ 500 ಬೇಕು. ಮಲದೊಡನೆ ಹೋಗುವುದು 100. ಒಟ್ಟು ಖರ್ಚು 2,050 ಮಿಲಿಲೀಟರು.

ಇನ್ನು ಜಮೆ. ಕಟ್ಟಳೆಯಂತೆ ನೀರು, ಸಾರು, ಹಾಲು ಎಲ್ಲವೂ ಸೇರಿ ಅರ್ಧ ಲೀಟರು ಮಾತ್ರ ದೊರೆಯಿತೆನ್ನೋಣ. ಅನ್ನ ಪಲ್ಯಗಳ ಒಳಗೆ ಅಡಗಿರುವ ನೀರು ಮುಕ್ಕಾಲು ಲೀಟರು. ಆಹಾರವು ದೇಹದಲ್ಲಿ ದಹಿಸುವಾಗ ಹುಟ್ಟುವ ನೀರು ಕಾಲು ಲೀಟರು. ಒಟ್ಟು 1,500 ಮಿಲಿಲೀಟರು. ದಿನಕ್ಕೆ ಅರ್ಧ ಲೀಟರಿಗೂ ಮಿಗಿಲಾದ ಕೊರತೆ ಬಿದ್ದಿತು! ಹಂಡೆಯ ಬಿಸಿನೀರ ಸ್ನಾನವೂ ಕಂಬಳಿಯ ಹೊದಿಕೆಯೂ ಹರಿಸುವ ಬೆವರನ್ನು ನಾವು ಇದರಲ್ಲಿ ಸೇರಿಸಿಯೇ ಇಲ್ಲ. ಗರ್ಭಕಾಲದಲ್ಲಿ ಮೈಯಲ್ಲಿ ಸೇರಿದ್ದ ಹೆಚ್ಚಿನ ನೀರು ಮೊದಲ ವಾರದಲ್ಲಿ ಮೂತ್ರವಾಗಿಯೂ ಬೆವರಾಗಿಯೂ ಹೊರಟುಹೋಗುತ್ತದೆಯಾದುದರಿಂದ ಅದನ್ನು ಬಹುಕಾಲದ ಉಳಿತಾಯವೆಂದು ನಂಬುವಂತೆಯೂ ಇಲ್ಲ.

ಕೊರತೆ ಬಿದ್ದಾಗ ದೇಹವು ಯಾರಲ್ಲಿ ಸಾಲ ಕೇಳುತ್ತದೆ? ದೊಡ್ಡ ಕರುಳಿನಲ್ಲಿ. ನಾವು ತಿಂದು ಕುಡಿದುದು ಸುಮಾರು 2 ಲೀಟರು, ಜೊಲ್ಲು, ಜಠರರಸ, ಪಿತ್ತ ಮೊದಲಾದ ರಸಗಳು ಸುಮಾರು 7 ಲೀಟರು, ಅಂತೂ ದಿನಕ್ಕೆ 9 ಲೀಟರಿನಷ್ಟು ದ್ರವ ಸಣ್ಣ ಕರುಳನ್ನು ಸೇರುತ್ತದೆ. ಸಣ್ಣ ಕರುಳು ಅದರ ಬಹುಭಾಗವನ್ನು ಹೀರಿಕೊಂಡು ಒಂದೂವರೆ ಲೀಟರಿನಷ್ಟನ್ನು ದೊಡ್ಡ ಕರುಳಿಗೆ ಬಿಡುತ್ತದೆ. ಗದ್ದೆಯ ಕೊನೆಯ ತೂಬಿನ ಬಳಿ ಕುಳಿತ ರೈತನಂತೆ ದೊಡ್ಡ ಕರುಳು ಈ ನೀರನ್ನು ಕಾಯುತ್ತದೆ. ಮೈಯಲ್ಲಿ ನೀರು ಕಡಮೆಯಾದಾಗ ಮೂತ್ರಪಿಂಡದ ಮೇಲಿನ ಗ್ರಂಥಿಯಿಂದ ಆಲ್ಡೋಸ್ಟಿರೋನ್ ಎಂಬ ರಸ ಹೆಚ್ಚಾಗಿ ಸ್ರವಿಸಿ, ಉಪ್ಪನ್ನೂ ಅದರೊಡನೆ ನೀರನ್ನೂ ಇನ್ನಷ್ಟು ಹೀರಬೇಕೆಂದು ಕರುಳಿಗೆ ಆಜ್ಞೆಯಿಡುತ್ತದೆ. ಒಳಗೆ ಉಳಿದ ಮಲವು ಒಣಗಿ ಗಟ್ಟಿಯಾಗುತ್ತದೆ. ಮಲಬದ್ಧತೆ ತಾಯಿಯ ದೋಷವಲ್ಲ. ಮನೆಯವರು ಮಾಡಿದ ಆಯವ್ಯಯದ ಫಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಕೊರತೆಯನ್ನು ತುಂಬಿದರೆ ಪ್ರಯೋಜನವುಂಟು. ಅದಕ್ಕಿಂತ ಮಿಗಿಲಾಗಿ ಬಲವಂತದಿಂದ ಕುಡಿಸಿದರೆ ಮಲ ಇನ್ನೂ ಮೃದುವಾಗುವುದಿಲ್ಲ, ಹಾಲೂ ಹೆಚ್ಚುವುದಿಲ್ಲ. ಹೆಚ್ಚಿನ ನೀರು ಮೂತ್ರವಾಗಿ ಹೋಗುತ್ತದೆ, ಅಷ್ಟೆ. ಬಾಯಾರಿಕೆಯೇ ಇಲ್ಲಿ ಒಳ್ಳೆಯ ಮಾಪಕ. ಮಗುವಿಗೆ ಹಾಲೂಡಿಸಲು ಕುಳಿತಾಗಲೆಲ್ಲ ತಾಯಿಯ ಕೈಗೆಟಕುವಂತೆ ಕಾಯಿಸಿದ ನೀರಿನ ಚೊಂಬೊಂದು ಇದ್ದರೆ ಸಾಕು. ನೀರು ಬಿಸಿಯಾಗಿರಲಿ, ಜೀರಿಗೆ ಹಾಕಿ ಕಾಯಿಸಿದ್ದಾಗಿರಲಿ, ಅಜ್ಜಿಯ ಇಷ್ಟದಂತೆಯೇ ಆಗಲಿ. ಇರಬೇಕಾದುದು ಮಾತ್ರ ನೀರು.

ಕರುಳು ಏಕೆ ನಿಧಾನಿಸುತ್ತದೆ?

ನೀರಿನ ಕೊರತೆಯೊಂದೇ ಕಾರಣವಲ್ಲ. ಮಲವು ಕರುಳಿನಲ್ಲಿ ಹೆಚ್ಚು ಹೊತ್ತು ನಿಂತಷ್ಟೂ ಹೆಚ್ಚು ಒಣಗುತ್ತದೆ. ಆದುದರಿಂದ ಕಾಲವೂ ಲೆಕ್ಕಕ್ಕೆ ಬರಬೇಕು. ಗರ್ಭಕಾಲದಲ್ಲಿ ಪ್ರೊಜೆಸ್ಟಿರೋನ್ ಎಂಬ ರಸ ರಕ್ತದಲ್ಲಿ ಹೆಚ್ಚಾಗಿದ್ದು ಗರ್ಭಕೋಶದ ಸ್ನಾಯುಗಳು ಅಕಾಲದಲ್ಲಿ ಸಂಕುಚಿತವಾಗದಂತೆ ಕಾಯುತ್ತದೆ. ಕರುಳಿನ ಗೋಡೆಯಲ್ಲಿರುವುದೂ ಅದೇ ಜಾತಿಯ ಸ್ನಾಯುವಾದುದರಿಂದ ಅದೂ ಸಡಿಲಗೊಂಡು ಮಂದವಾಗುತ್ತದೆ. ಹೆರಿಗೆಯ ನಂತರ ಈ ರಸ ಬೇಗನೆ ಇಳಿಯುತ್ತದೆ. ಕರುಳು ಮೊದಲಿನ ಚುರುಕಿಗೆ ಬರಲು ಇನ್ನೂ ಕೆಲವು ದಿನಗಳು ಹಿಡಿಯುತ್ತವೆ.

ಶಸ್ತ್ರಕ್ರಿಯೆಯಿಂದ ಹೆರಿಗೆಯಾಗಿದ್ದರೆ ಇನ್ನೊಂದು ಕಾರಣ ಸೇರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ ಸುಮಾರು 31 ಸಿಸೇರಿಯನ್ ಶಸ್ತ್ರಕ್ರಿಯೆಯಿಂದ ಆದವು. ಉದರವನ್ನು ತೆರೆದು ಮುಚ್ಚಿದ ಮೇಲೆ ಕರುಳುಗಳು ಕೆಲಕಾಲ ಸ್ತಬ್ಧವಾಗುತ್ತವೆ. ಸಣ್ಣ ಕರುಳು ಮೊದಲು ಎಚ್ಚರಗೊಳ್ಳುತ್ತದೆ, ಜಠರ ಅನಂತರ. ದೊಡ್ಡ ಕರುಳಿಗೆ ಎರಡು ಮೂರು ದಿನಗಳು ಬೇಕಾಗಬಹುದು. ವಾಯು ಸರಿಯಿತೇ ಎಂದು ದಾದಿಯರು ಮತ್ತೆ ಮತ್ತೆ ಕೇಳುವುದು ಕುತೂಹಲದಿಂದಲ್ಲ. ಕೊಳವೆ ತೆರೆದಿದೆ ಎಂಬುದಕ್ಕೆ ಅದೇ ಸಾಕ್ಷಿ. ಶಸ್ತ್ರಕ್ರಿಯೆಯ ನಂತರ ಚ್ಯೂಯಿಂಗ್ ಗಮ್ ಅಗಿದ ತಾಯಂದಿರಲ್ಲಿ ವಾಯು ಕೆಲವು ಗಂಟೆಗಳಷ್ಟು ಮುಂಚಿತವಾಗಿ ಸರಿಯಿತೆಂದು 2016ರಲ್ಲಿ ಹಲವು ಪ್ರಯೋಗಗಳ ಫಲವನ್ನು ಒಟ್ಟುಗೂಡಿಸಿದ ಒಂದು ಸಮೀಕ್ಷೆಯಿಂದ ತಿಳಿದುಬಂದಿತು. ಆಹಾರ ಬರುತ್ತಿದೆಯೆಂದು ಬಾಯಿ ಸುದ್ದಿ ಕಳುಹಿಸಿದರೆ ಕರುಳು ಎದ್ದು ಕೂರುತ್ತದೆ! ವೈದ್ಯರು ಒಪ್ಪಿದೊಡನೆ ಎದ್ದು ನಾಲ್ಕು ಹೆಜ್ಜೆ ನಡೆಯುವುದೂ ಹಿತಕರ.

ಮೂರನೆಯ ಕಾರಣ ಕಬ್ಬಿಣದ ಮಾತ್ರೆ. ರಕ್ತಹೀನತೆಯನ್ನು ನೀಗಲು ಗರ್ಭಕಾಲದಲ್ಲಿ 180 ದಿನಗಳೂ, ಹೆರಿಗೆಯ ನಂತರ 180 ದಿನಗಳೂ ಇದನ್ನು ನಮ್ಮ ಸರಕಾರದ ಆರೋಗ್ಯ ಕೇಂದ್ರಗಳಲ್ಲಿ ಕೊಡುತ್ತಾರೆ. ಕಬ್ಬಿಣವು ಮಲವನ್ನು ಕಪ್ಪಾಗಿಸುತ್ತದೆ, ಹಲವರಲ್ಲಿ ಗಟ್ಟಿಯಾಗಿಯೂ ಮಾಡುತ್ತದೆ. ಅದಕ್ಕೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸತಕ್ಕದ್ದಲ್ಲ. ವೈದ್ಯರಿಗೆ ತಿಳಿಸಿದರೆ ಪರ್ಯಾಯವುಂಟು. ಕಾಫಿಯ ನಾಡಿನವರು ತಿಳಿದಿರಬೇಕಾದ ಮತ್ತೊಂದು ಸಂಗತಿ ಏನೆಂದರೆ, ಮಾತ್ರೆಯೊಡನೆ ಕಾಫಿ ಕುಡಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಆದರೆ ಬೆಳಗಿನ ಒಂದು ಬಟ್ಟಲು ಕಾಫಿ ಅನೇಕರ ದೊಡ್ಡ ಕರುಳನ್ನು ಕೆಲವೇ ನಿಮಿಷಗಳಲ್ಲಿ ಚುರುಕುಗೊಳಿಸುವುದೆಂಬುದೂ ಪ್ರಯೋಗದಿಂದ ಸಿದ್ಧವಾಗಿದೆ. ಆದುದರಿಂದ ಕಾಫಿಗೂ ಮಾತ್ರೆಗೂ ನಡುವೆ ಒಂದೆರಡು ಗಂಟೆಗಳ ಅಂತರವಿರಲಿ. ಕಾಫಿಯ ಅಂಶ ಹಾಲಿಗೂ ಸ್ವಲ್ಪ ಬರುವುದರಿಂದ ಒಂದೆರಡು ಬಟ್ಟಲಿಗೆ ತೃಪ್ತಿಪಡುವುದು ಲೇಸು.

ಸಂಪಾಜೆಯ ಘಾಟಿಯಲ್ಲಿ ಬಾಯ್ಲನ ನಿಯಮ

ಇನ್ನು ವಾಯುವಿನ ವಿಚಾರ. ಕರುಳಿನಲ್ಲಿರುವ ಅನಿಲದ ಒಂದು ಭಾಗ ನುಂಗಿದ ಗಾಳಿ. ಉಳಿದುದು ಜೀರ್ಣವಾಗದ ಆಹಾರವನ್ನು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಹುಳಿಸಿದಾಗ ಹುಟ್ಟುವ ಜಲಜನಕ, ಇಂಗಾಲದ ಡೈ ಆಕ್ಸೈಡ್, ಕೆಲವರಲ್ಲಿ ಮೀಥೇನ್. ಆರೋಗ್ಯವಂತರಲ್ಲಿ ಯಾವ ಕ್ಷಣದಲ್ಲಿ ನೋಡಿದರೂ ಇದರ ಗಾತ್ರ ಸುಮಾರು 200 ಮಿಲಿಲೀಟರನ್ನು ಮೀರುವುದಿಲ್ಲ.

ಮಡಿಕೇರಿಯಲ್ಲಿ 2016ರಲ್ಲಿ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆ ಆರಂಭವಾಗಿದೆಯಾದರೂ, ಹೆರಿಗೆಗೆಂದು ಮಂಗಳೂರಿಗೋ ಮೈಸೂರಿಗೋ ಹೋಗಿಬರುವ ಕುಟುಂಬಗಳು ಈಗಲೂ ಉಂಟು. ಮಂಗಳೂರಿನಿಂದ ಸಂಪಾಜೆಯ ಘಾಟಿ ಹತ್ತಿ ಮನೆಗೆ ಬರುವ ಬಾಣಂತಿಯೊಬ್ಬಳನ್ನು ಊಹಿಸಿಕೊಳ್ಳಿ. ಮಂಗಳೂರಿನಲ್ಲಿ ವಾಯುಮಂಡಲದ ಒತ್ತಡ ಸುಮಾರು 1,010 ಮಿಲಿಬಾರು. 1,150 ಮೀಟರಿನಷ್ಟು ಎತ್ತರದ ಮಡಿಕೇರಿಯಲ್ಲಿ ಸುಮಾರು 880. ಉಷ್ಣತೆ ಬದಲಾಗದಿರುವಾಗ ಅನಿಲದ ಗಾತ್ರವು ಒತ್ತಡಕ್ಕೆ ವಿಲೋಮವಾಗಿರುತ್ತದೆಂಬ ಬಾಯ್ಲನ 1662ರ ನಿಯಮವನ್ನು ಅನ್ವಯಿಸಿದರೆ, ಕಡಲತೀರದ 200 ಮಿಲಿಲೀಟರು ಅನಿಲ ಮಡಿಕೇರಿಯಲ್ಲಿ ಸುಮಾರು 230 ಆಗುತ್ತದೆ. ಹೆಚ್ಚಿದುದು ಎರಡು ದೊಡ್ಡ ಚಮಚದಷ್ಟು. ಆರೋಗ್ಯವಂತರಿಗೆ ಇದು ತಿಳಿಯುವುದೇ ಇಲ್ಲ. ಕರುಳು ಇನ್ನೂ ಎಚ್ಚರಗೊಳ್ಳದೆ ಅನಿಲ ಹೆಚ್ಚಾಗಿ ತುಂಬಿಕೊಂಡಿರುವವಳಿಗೆ ಅದೇ ಏಳನೆಯ ಒಂದು ಪಾಲು ನೋವಾಗಿ ಪರಿಣಮಿಸಬಹುದು. ವಾಯು ಸರಿದ ಮೇಲೆಯೇ ಘಾಟಿ ಹತ್ತುವುದು ಜಾಣತನ.

ಉಬ್ಬಿದ ಕರುಳಿಗೆ ಅಪಾಯವೇಕೆ ಎಂಬುದನ್ನು ಲಾಪ್ಲಾಸನ ನಿಯಮ ತಿಳಿಸುತ್ತದೆ. ಕೊಳವೆಯ ಗೋಡೆಯ ಮೇಲಿನ ಎಳೆತವು ಒಳಗಿನ ಒತ್ತಡವನ್ನು ತ್ರಿಜ್ಯದಿಂದ ಗುಣಿಸಿದಷ್ಟಿರುತ್ತದೆ. ಒತ್ತಡ ಒಂದೇ ಆದರೂ ಅಗಲವಾದ ಭಾಗದ ಗೋಡೆಗೆ ಹೆಚ್ಚು ಎಳೆತ. ದೊಡ್ಡ ಕರುಳಿನಲ್ಲಿ ಅತ್ಯಂತ ಅಗಲವಾದುದು ಬಲಬದಿಯ ಅದರ ಮೊದಲ ಭಾಗ. ಶಸ್ತ್ರಕ್ರಿಯೆಯ ನಂತರ ಅಪರೂಪವಾಗಿ, ಎಲ್ಲಿಯೂ ತಡೆಯಿಲ್ಲದಿದ್ದರೂ ದೊಡ್ಡ ಕರುಳು ನಿಶ್ಚೇಷ್ಟಿತವಾಗಿ ಬಲೂನಿನಂತೆ ಉಬ್ಬುವುದುಂಟು. 1948ರಲ್ಲಿ ಇದನ್ನು ವರ್ಣಿಸಿದ ಬ್ರಿಟಿಷ್ ಶಸ್ತ್ರವೈದ್ಯ ಒಗಿಲ್ವಿಯವರ ಹೆಸರಿನಿಂದಲೇ ಇದು ಪ್ರಸಿದ್ಧವಾಗಿದೆ. ಉಬ್ಬಿದಷ್ಟೂ ತ್ರಿಜ್ಯ ಹೆಚ್ಚುತ್ತದೆ. ತ್ರಿಜ್ಯ ಹೆಚ್ಚಿದಷ್ಟೂ ಎಳೆತ ಹೆಚ್ಚುತ್ತದೆ. ಕೊನೆಗೆ ಗೋಡೆ ಬಿರಿಯುವ ಭಯವುಂಟು. ಹೊಟ್ಟೆ ಗಂಟೆಗಂಟೆಗೂ ಉಬ್ಬುತ್ತ ನೋವು ಏರುತ್ತಿದ್ದರೆ ‘ಬಾಣಂತಿಯ ವಾಯು’ ಎಂದು ಸುಮ್ಮನಿರಬಾರದೆಂಬುದಕ್ಕೆ ಇದೇ ಕಾರಣ.

ಕುಳಿತುಕೊಳ್ಳುವ ಭಂಗಿ

ಮಲಾಶಯದ ಕೊನೆಯಲ್ಲಿ ಒಂದು ಸ್ನಾಯು ಜೋಳಿಗೆಯಂತೆ ಹಿಂದಿನಿಂದ ಸುತ್ತಿ ಕೊಳವೆಯನ್ನು ಮುಂದಕ್ಕೆ ಎಳೆದು ಬಗ್ಗಿಸಿರುತ್ತದೆ. ತೋಟಕ್ಕೆ ನೀರು ಬಿಡುವ ರಬ್ಬರು ಕೊಳವೆ ಮಡಚಿಕೊಂಡರೆ ನೀರು ನಿಲ್ಲುವಂತೆ, ಈ ಬಾಗು ಮಲವನ್ನು ತಡೆದಿಡುತ್ತದೆ. ಕುಕ್ಕುರುಗಾಲಿನಲ್ಲಿ ಕುಳಿತಾಗ ಬಾಗು ಹೆಚ್ಚುಮಟ್ಟಿಗೆ ನೆಟ್ಟಗಾಗಿ ಕಡಮೆ ಒತ್ತಡದಿಂದಲೇ ಕಾರ್ಯ ಮುಗಿಯುತ್ತದೆ. ಹೊಲಿಗೆ ಹಾಕಿಸಿಕೊಂಡ ತಾಯಿಗೆ ಕುಕ್ಕುರಿಸುವುದು ಕಷ್ಟವಾದುದರಿಂದ ಎತ್ತರದ ಕಮೋಡಿನ ಮೇಲೆ ಕುಳಿತು, ಪಾದಗಳ ಕೆಳಗೆ ಒಂದು ಗಿಡ್ಡ ಮಣೆಯನ್ನಿಟ್ಟು, ಮಂಡಿಗಳು ಸೊಂಟಕ್ಕಿಂತ ಮೇಲಿರುವಂತೆ ಮಾಡಿಕೊಂಡು, ಸ್ವಲ್ಪ ಮುಂದಕ್ಕೆ ಬಾಗಿದರೆ ಅದೇ ಫಲ ದೊರೆಯುತ್ತದೆ. ಒಂದು ಮಣೆಯ ಉಪಕಾರ ಇಷ್ಟು ದೊಡ್ಡದು!

ಹೊಲಿಗೆ ಬಿಚ್ಚಿಹೋದೀತೆಂಬ ಹೆದರಿಕೆಯಿಂದ ಅನೇಕರು ವೇಗವನ್ನು ತಡೆಹಿಡಿಯುತ್ತಾರೆ. ಸಹಜವಾದ ಮಲವಿಸರ್ಜನೆಯಿಂದ ಹೊಲಿಗೆ ಬಿಚ್ಚುವುದು ತೀರ ವಿರಳ. ತಡೆದಷ್ಟೂ ಮಲ ಒಣಗಿ ನಾಳೆಯ ನೋವು ಹೆಚ್ಚುತ್ತದೆ. ಶುಚಿಯಾದ ಬಟ್ಟೆಯ ಮಡಿಕೆಯನ್ನು ಹೊಲಿಗೆಯ ಮೇಲೆ ಮೆಲ್ಲನೆ ಒತ್ತಿಹಿಡಿದರೆ ಧೈರ್ಯ ಬರುತ್ತದೆ. ಊಟವಾದೊಡನೆ, ವಿಶೇಷವಾಗಿ ಬೆಳಗಿನ ಉಪಾಹಾರದ ಬಳಿಕ, ದೊಡ್ಡ ಕರುಳು ತಾನಾಗಿ ಚಲಿಸುತ್ತದೆ. ಆ ಹೊತ್ತಿನಲ್ಲಿ ಯಾರಾದರೂ ಮಗುವನ್ನು ಎತ್ತಿಕೊಂಡು ತಾಯಿಗೆ ಹತ್ತು ನಿಮಿಷದ ಬಿಡುವು ಕೊಡಬೇಕು.

ಅಡುಗೆಮನೆಯ ಮಾತು

ಅಕ್ಕಿರೊಟ್ಟಿಯಾಗಲಿ ಕಡಂಬಿಟ್ಟಾಗಲಿ ನೂಪುಟ್ಟಾಗಲಿ, ಕೊಡಗಿನ ಊಟದ ಬೆನ್ನೆಲುಬು ಅಕ್ಕಿ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರಿನಂಶ ಬಹಳ ಕಡಮೆ. ಅದರ ಜೊತೆಗೆ ‘ಶೀತ’ವೆಂದು ಹಣ್ಣನ್ನೂ, ‘ವಾಯು’ವೆಂದು ತರಕಾರಿಯನ್ನೂ ಬಾಣಂತಿಗೆ ನಿಷೇಧಿಸಿದರೆ ಮಲಕ್ಕೆ ನೀರನ್ನು ಹಿಡಿದಿಡುವ ವಸ್ತುವೇ ಇಲ್ಲದಂತಾಗುತ್ತದೆ. ತಾಯಿಯ ಕರುಳಿನ ಅನಿಲ ಗುಳ್ಳೆಯಾಗಿ ಹಾಲಿಗೆ ಇಳಿಯುವುದಿಲ್ಲ. ನಾರೂ ಕರುಳನ್ನು ದಾಟಿ ರಕ್ತಕ್ಕೆ ಸೇರುವುದಿಲ್ಲ. ಕುಂಬಳಕಾಯಿ, ಬೆಂದ ಸೊಪ್ಪು, ಬಾಳೆಹಣ್ಣು, ತೋಟದ ಕಿತ್ತಳೆ ಇವು ಧಾರಾಳವಾಗಿ ಸಲ್ಲುತ್ತವೆ. ಒಮ್ಮೆಗೇ ಹೆಚ್ಚಿಸದೆ ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಸೇರಿಸಿದರೆ ಉಬ್ಬರವೂ ಆಗದು. ಅಜ್ಜಿಯರ ಕಾಳುಮೆಣಸು, ಶುಂಠಿ, ಬೆಳ್ಳುಳ್ಳಿಗಳ ಸಾರು ರುಚಿಕರವೂ ಹೌದು, ನೀರಿನ ಜಮೆಗೂ ಸೇರುತ್ತದೆ. ತುಪ್ಪದ ಭಾರ ಮಾತ್ರ ಮಿತವಾಗಿರಲಿ. ಕೊಬ್ಬು ಹೆಚ್ಚಾದರೆ ಜಠರ ತಡವಾಗಿ ಬರಿದಾಗುತ್ತದೆ.

ಇಸಬುಗೋಲಿನ ಹೊಟ್ಟು ತನ್ನ ತೂಕದ ಹಲವು ಪಟ್ಟು ನೀರನ್ನು ಹೀರಿ ಲೋಳೆಯಾಗುತ್ತದೆ. ಆದುದರಿಂದ ಅದನ್ನು ಸೇವಿಸಿ ನೀರು ಕುಡಿಯದಿದ್ದರೆ ಫಲ ವಿಪರೀತ. ವೈದ್ಯರು ಬರೆದುಕೊಡುವ ಲ್ಯಾಕ್ಟುಲೋಸ್ ಎಂಬ ಪಾಕ ರಕ್ತಕ್ಕೆ ಹೀರಲ್ಪಡದ ಒಂದು ಸಕ್ಕರೆ. ಅಭಿಸರಣದ ನಿಯಮದಂತೆ ಅದು ಕರುಳಿನೊಳಕ್ಕೆ ನೀರನ್ನು ಸೆಳೆಯುತ್ತದೆ, ಹಾಲೂಡಿಸುವ ತಾಯಿಗೂ ತಕ್ಕುದಾಗಿದೆ.

ಹರಳೆಣ್ಣೆಯ ಬಗೆ ಬೇರೆ. ಅದರ ರಿಸಿನೋಲಿಕ್ ಆಮ್ಲವು ಕರುಳಿನ ಸ್ನಾಯುವಿನಲ್ಲಿರುವ ಒಂದು ವಿಶಿಷ್ಟ ಗ್ರಾಹಕವನ್ನು ಹಿಡಿದು ಕೆರಳಿಸುವುದೆಂದೂ, ಅದೇ ಗ್ರಾಹಕ ಗರ್ಭಕೋಶದಲ್ಲಿಯೂ ಇರುವುದರಿಂದ ಅಲ್ಲಿಯೂ ಸಂಕೋಚವನ್ನುಂಟುಮಾಡುವುದೆಂದೂ ಜರ್ಮನಿಯ ಸಂಶೋಧಕರು 2012ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಇದು ಗುರಿಯಿಟ್ಟ ಬಾಣವೇ ಸರಿ; ಆದರೆ ಎರಡು ಕಡೆ ನಾಟುವ ಬಾಣ. ಗರ್ಭಿಣಿಗೂ ಬಾಣಂತಿಗೂ ವೈದ್ಯರ ಅಪ್ಪಣೆಯಿಲ್ಲದೆ ಇದನ್ನು ಕೊಡಲಾಗದು. ನವಜಾತ ಶಿಶುವಿಗಂತೂ ಸರ್ವಥಾ ಕೂಡದು. ಶಿಶುವಿನ ಕರುಳನ್ನು ಶುದ್ಧಮಾಡಲು ತಾಯಿಯ ಮೊದಲ ಹಳದಿ ಹಾಲನ್ನು ಪ್ರಕೃತಿಯೇ ಸಿದ್ಧಪಡಿಸಿದೆ.

ಯಾವಾಗ ವೈದ್ಯರ ಬಳಿಗೆ?

ಉಬ್ಬರ ಏರುತ್ತಿದ್ದು ವಾಂತಿಯಾಗುತ್ತಿದ್ದರೆ, ವಾಯುವೂ ಸರಿಯದಿದ್ದರೆ, ಜ್ವರ ಬಂದರೆ, ಮಲದಲ್ಲಿ ರಕ್ತ ಕಂಡರೆ, ಮಲವನ್ನೋ ವಾಯುವನ್ನೋ ತಡೆಯುವ ಶಕ್ತಿ ತಪ್ಪಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಕೊನೆಯದನ್ನು ನಾಚಿಕೆಯಿಂದ ವರ್ಷಗಟ್ಟಲೆ ಮುಚ್ಚಿಡುವ ತಾಯಂದಿರಿದ್ದಾರೆ. ಹೆರಿಗೆಯಲ್ಲಿ ಸ್ನಾಯು ಹರಿದುದರ ಲಕ್ಷಣ ಅದಾಗಿರಬಹುದು, ಅದಕ್ಕೆ ಚಿಕಿತ್ಸೆಯುಂಟು.

ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಮಡಿಕೇರಿಯಂಥ ಊರಿನಲ್ಲಿ, ಕಾವೇರಿ ಹುಟ್ಟುವ ನಾಡಿನಲ್ಲಿ, ಹಾಲೂಡುವ ತಾಯಿಯೊಬ್ಬಳು ಬಾಯಾರಿ ಮಲಗುವುದು ವಿಚಿತ್ರವಲ್ಲವೆ? ಬಾಣಂತನ ಮುಗಿದಾಗ ತಾಯಿಯು ಬಾವಿಯ ಬಳಿ ಗಂಗಾಪೂಜೆ ಮಾಡುವ ವಾಡಿಕೆ ಕೊಡವರಲ್ಲಿದೆ. ನೀರಿಗೆ ಅಷ್ಟು ಗೌರವವನ್ನು ಸಲ್ಲಿಸಬಲ್ಲ ಜನ, ಆ ದಿನ ಬರುವವರೆಗೂ ಅವಳಿಗೆ ನೀರನ್ನು ತಪ್ಪಿಸಬೇಕಾದ ಕಾರಣವಿಲ್ಲ. ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ಅಕ್ಕನೋ ಅತ್ತಿಗೆಯೋ ಬಾಣಂತಿಯಾಗಿದ್ದರೆ ಹಿರಿಯರೊಡನೆ ವಾದಕ್ಕಿಳಿಯುವುದು ಬೇಡ. ಮೇಲಿನ ಜಮಾಖರ್ಚನ್ನು ಒಂದು ಹಾಳೆಯಲ್ಲಿ ಬರೆದು ತೋರಿಸಿ. ಅನಂತರ ಕಾಯಿಸಿದ ನೀರಿನ ಚೊಂಬನ್ನು ಅವಳ ಬಳಿ ಇಟ್ಟು ಬನ್ನಿ.